ಕಾಡಿನಿಂದ ಕಪಾಟಿಗೆ: ಮ್ಯೂಸಿಯಂ ಸಂಗ್ರಾಹಕರ ಕೆಲಸ ಹೇಗೆ ನಡೆಯುತ್ತದೆ?

ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ, ಗೋವಾ ಗಡಿಗೆ ಹತ್ತಿರ, ತಳೇವಾಡಿ ಎಂಬ ಊರಿದೆ. ಅದರ ಸಮೀಪ ಬಾರಾಪೇಡೆ ಎಂಬ ಗುಹೆ. ಆ ಗುಹೆಯಲ್ಲಿ ಒಂದು ಬಾವಲಿ ವಾಸವಾಗಿದೆ. ಕಡುಕಂದು ಮೈ, ಕತ್ತಿನ ಹಿಂದೆ ಮಾಸಲು ಬಿಳುಪು, ಹಣೆಯ ಮೇಲೆ ಒಂದಕ್ಕೊಂದು ಕೂಡಿಕೊಂಡ ದೊಡ್ಡ ಕಿವಿಗಳು. 1913ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ವಿಜ್ಞಾನಿ ಓಲ್ಡ್‌ಫೀಲ್ಡ್ ಥಾಮಸ್ ಇದು ಹೊಸ ಜಾತಿ ಎಂದು ಗುರುತಿಸಿ ಹೆಸರಿಟ್ಟರು. ಇಂದು ಅದನ್ನು ರಾಟನ್ ಬಾವಲಿ ಎನ್ನುತ್ತಾರೆ. ವೈಜ್ಞಾನಿಕ ಹೆಸರು ಓಟೊಮಾಪ್ಸ್ ರಾಟನೈ. ಅಲ್ಲಿಂದ ಮುಂದೆ ಹತ್ತಿರ ಹತ್ತಿರ ತೊಂಬತ್ತು ವರ್ಷ, ಲೋಕದಲ್ಲಿ ಈ ಬಾವಲಿ ಇರುವುದು ಈ ಒಂದು ಗುಹೆಯಲ್ಲಿ ಮಾತ್ರ ಎಂದೇ ಎಲ್ಲರೂ ತಿಳಿದಿದ್ದರು. 2000ದ ಆಚೀಚೆ ಕಾಂಬೋಡಿಯಾದಲ್ಲಿ, ಆಮೇಲೆ ಮೇಘಾಲಯದ ಗುಹೆಗಳಲ್ಲಿ ಅದು ಸಿಕ್ಕಿತು.

ತಳೇವಾಡಿಯ ಬಾವಲಿ ಲಂಡನ್ನಿನ ಮೇಜಿನ ಮೇಲೆ ಹೋಗಿ ಕೂತದ್ದು ಹೇಗೆ? ಅದನ್ನು ಹಿಡಿದವರು ಯಾರು, ಕೆಡದ ಹಾಗೆ ಕಾಪಾಡಿದ್ದು ಹೇಗೆ, ಖರ್ಚು ಕೊಟ್ಟವರು ಯಾರು? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ನಮಗೆ ಸಿಗುವುದು ಊರೂರು ಅಲೆಯುವ ಸಂಗ್ರಾಹಕ. ಅವನ ಹೆಸರು ಗೋಡೆಯ ಫಲಕದ ಮೇಲೆ ಇರುವುದಿಲ್ಲ. ಆದರೆ ನಮ್ಮ ಪ್ರಾಣಿಗಳ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಪಾಲು ಅವನ ಪೆಟ್ಟಿಗೆಯಿಂದಲೇ ಹೊರಬಂದದ್ದು.

ಸಂಗ್ರಾಹಕ ಎಂದರೆ ಯಾರು?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮ್ಯೂಸಿಯಂ ಎಂದ ಕೂಡಲೇ ಗಾಜಿನ ಕಣ್ಣಿಟ್ಟು, ಬಾಯಿ ತೆರೆಸಿ ನಿಲ್ಲಿಸಿದ ಹುಲಿ ನೆನಪಾಗುತ್ತದೆ. ಅದು ಟ್ಯಾಕ್ಸಿಡರ್ಮಿ, ಎಂದರೆ ಪ್ರಾಣಿಯ ಚರ್ಮಕ್ಕೆ ಒಳಗೆ ಅಚ್ಚು ಕೊಟ್ಟು ಜೀವಂತದಂತೆ ನಿಲ್ಲಿಸುವ ಕಲೆ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬ ಈ ಕೆಲಸಕ್ಕೆ ಜಗತ್ಪ್ರಸಿದ್ಧವಾಗಿತ್ತು. ಅವರ ಕೆಲಸ ಹೆಚ್ಚಾಗಿ ಬೇಟೆಗಾರರಿಗಾಗಿ, ಅರಮನೆಗಳಿಗಾಗಿ ನಡೆಯಿತು. ನಾವು ಮಾತಾಡುತ್ತಿರುವ ಸಂಗ್ರಾಹಕನ ಕೆಲಸ ಬೇರೆ. ಅವನು ತಯಾರಿಸುವುದು ಸ್ಟಡಿ ಸ್ಕಿನ್, ಎಂದರೆ ಅಧ್ಯಯನಕ್ಕಾಗಿ ಸಿದ್ಧಪಡಿಸಿದ ತೊಗಲು. ಅದಕ್ಕೆ ಗಾಜಿನ ಕಣ್ಣಿಲ್ಲ, ಭಂಗಿಯಿಲ್ಲ. ಹತ್ತಿ ತುಂಬಿ, ಕಾಲು ಮೈಗೆ ಒತ್ತಿ, ಉದ್ದಕ್ಕೆ ಮಲಗಿಸಿರುತ್ತಾರೆ. ಅಂಥವು ಸಾವಿರಾರು ಒಂದೇ ಕಪಾಟಿನ ಡ್ರಾಯರ್‌ಗಳಲ್ಲಿ ಸಾಲಾಗಿ ಇರುತ್ತವೆ. ಜನರಿಗೆ ಪ್ರದರ್ಶಿಸಲು ಅಲ್ಲ, ಒಂದನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಲು.

ಬೇಟೆಗಾರನಿಗೂ ಸಂಗ್ರಾಹಕನಿಗೂ ಇರುವ ವ್ಯತ್ಯಾಸವೂ ಇಲ್ಲೇ ಇದೆ. ಬೇಟೆಗಾರನಿಗೆ ದೊಡ್ಡ ಕೊಂಬು, ಉದ್ದದ ಹುಲಿ ಬೇಕು. ಸಂಗ್ರಾಹಕನಿಗೆ ಇಲಿ, ಮೂಗಿಲಿ, ಬಾವಲಿ, ಅಳಿಲು, ಅವುಗಳ ಹೆಣ್ಣು, ಗಂಡು, ಮರಿ ಎಲ್ಲವೂ ಬೇಕು. ಒಂದು ಪ್ರದೇಶದಲ್ಲಿ ಏನೇನಿದೆ ಎಂಬ ಪಟ್ಟಿ ಪೂರ್ತಿಯಾಗಬೇಕಾದರೆ ಯಾರೂ ಕಣ್ಣೆತ್ತಿ ನೋಡದ ಸಣ್ಣ ಜೀವಿಗಳೇ ಮುಖ್ಯ.

ಹನ್ನೆರಡು ವರ್ಷದ ಸರ್ವೇ

ರಾಟನ್ ಬಾವಲಿ ಸಿಕ್ಕಿದ್ದು ಒಂದು ದೊಡ್ಡ ಯೋಜನೆಯ ನಡುವೆ. 1883ರಲ್ಲಿ ಮುಂಬೈಯಲ್ಲಿ ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದ್ದರು. ಇದನ್ನು ಚಿಕ್ಕದಾಗಿ ಬಿಎನ್‌ಎಚ್‌ಎಸ್ ಎನ್ನುತ್ತಾರೆ. ಅದರ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲಾರ್ಡ್ ಮತ್ತು ಅರಣ್ಯ ಇಲಾಖೆಯಿಂದ ನಿವೃತ್ತರಾಗಿದ್ದ ಆರ್.ಸಿ. ರಾಟನ್ ಸೇರಿ ಇಡೀ ದೇಶದ ಸಸ್ತನಿಗಳ, ಅಂದರೆ ಮೊಲೆಯೂಡುವ ಪ್ರಾಣಿಗಳ, ಸಮೀಕ್ಷೆ ನಡೆಸಲು ಮುಂದಾದರು. ಇದೇ ಮ್ಯಾಮಲ್ ಸರ್ವೇ. 1911ರಲ್ಲಿ ಇಂದಿನ ಮಹಾರಾಷ್ಟ್ರದ ಖಾನ್‌ದೇಶದಿಂದ ಶುರುವಾಯಿತು. ನಡುವೆ ಮೊದಲ ಮಹಾಯುದ್ಧ ಬಂದು ಕೆಲಸ ಕುಂಟಿದರೂ 1923ರವರೆಗೆ ನಡೆಯಿತು. ಬರ್ಮಾ, ಸಿಂಹಳವೂ ಸೇರಿ ಸುಮಾರು 25,000 ಮಾದರಿಗಳು ಕೂಡಿದವು. ಮಾದರಿ ಎಂದರೆ ಸ್ಪೆಸಿಮನ್. ಒಂದು ಪ್ರಾಣಿ ಅಥವಾ ಗಿಡ, ಅದರ ವಿವರದ ಚೀಟಿಯ ಸಮೇತ.

ಈ ಸರ್ವೇಗೆ ಸಂಬಳದ ಸಂಗ್ರಾಹಕರಿದ್ದರು. ಸಿ.ಎ. ಕ್ರಂಪ್ ಖಾನ್‌ದೇಶದಲ್ಲಿ ಕೆಲಸ ಆರಂಭಿಸಿದರು. ನಮ್ಮ ಕಡೆಗೆ ಬಂದವರು ಜಿ.ಸಿ. ಶಾರ್ಟ್‌ರಿಡ್ಜ್. ಧಾರವಾಡ, ಉತ್ತರ ಕನ್ನಡ, ಬಳ್ಳಾರಿ, ಮೈಸೂರು, ಕೊಡಗು ಎಲ್ಲ ಕಡೆಯೂ ಅವರು ಬೀಡುಬಿಟ್ಟರು. ಹಳೆಯ ವರದಿಗಳನ್ನು ತೆರೆದರೆ ಕ್ಯಾಸಲ್‌ರಾಕ್, ವಿರಾಜಪೇಟೆ, ಶ್ರೀಮಂಗಲ, ಮಾಕುಟ್ಟ ಎಂಬ ನಮ್ಮ ಊರುಗಳ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಶಾರ್ಟ್‌ರಿಡ್ಜ್ ಮುಂದೆ ದಕ್ಷಿಣ ಆಫ್ರಿಕಾದ ಒಂದು ಮ್ಯೂಸಿಯಂನ ನಿರ್ದೇಶಕರಾದರು. ಇನ್ನೊಬ್ಬರು ಎಸ್.ಎಚ್. ಪ್ರೇಟರ್. ಬಾರಾಪೇಡೆ ಗುಹೆಯ ಬಾವಲಿಯೊಂದಿಗೆ ಸೇರಿಕೊಂಡ ಹೆಸರು ಇವರದು. ಅವರು ಮುಂದೆ ಬಿಎನ್‌ಎಚ್‌ಎಸ್ ಮ್ಯೂಸಿಯಂನ ಕ್ಯುರೇಟರ್, ಎಂದರೆ ಸಂಗ್ರಹದ ಪಾಲಕರು, ಆದರು. 1948ರಲ್ಲಿ ಭಾರತದ ಪ್ರಾಣಿಗಳ ಬಗ್ಗೆ ಅವರು ಬರೆದ ಇಂಗ್ಲಿಷ್ ಪುಸ್ತಕ ಇವತ್ತಿಗೂ ಮುದ್ರಣವಾಗುತ್ತದೆ.

ಬೀಡಿನಲ್ಲಿ ನಡೆಯುವ ಕೆಲಸ

ಸಂಗ್ರಾಹಕ ಒಂದು ಊರಿಗೆ ಬಂದರೆ ಒಂದೆರಡು ದಿನಕ್ಕೆ ಹೊರಡುವುದಿಲ್ಲ. ಪ್ರವಾಸಿ ಬಂಗಲೆಯಲ್ಲೋ ಡೇರೆಯಲ್ಲೋ ವಾರಗಟ್ಟಲೆ ಇರುತ್ತಾನೆ. ಎತ್ತಿನ ಗಾಡಿಯಲ್ಲಿ ಬೋನು, ಹತ್ತಿ, ಔಷಧ, ತಗಡಿನ ಪೆಟ್ಟಿಗೆ. ಮಲೆನಾಡಿನಲ್ಲಿ ಮಳೆಗಾಲದ ಕೆಲಸ ಕಷ್ಟ, ತೊಗಲು ಒಣಗುವುದೇ ಇಲ್ಲ, ಬೂಸು ಹಿಡಿಯುತ್ತದೆ.

ಮೊದಲ ಕೆಲಸ ಊರಿನವರನ್ನು ಕೇಳುವುದು. ಯಾವ ಇಲಿ ಗದ್ದೆಯಲ್ಲಿ ಬಿಲ ತೋಡುತ್ತದೆ, ಯಾವುದು ಬಂಡೆಯ ಸಂದಿಯಲ್ಲಿರುತ್ತದೆ, ಬಾವಲಿ ಯಾವ ಗುಹೆಯಲ್ಲಿ ತೂಗುತ್ತದೆ ಎಂಬುದು ಹೊರಗಿನಿಂದ ಬಂದವನಿಗೆ ತಿಳಿಯುವುದಿಲ್ಲ. ಇದು ಸರ್ವೇಗಿಂತ ಹಳೆಯ ಪದ್ಧತಿ. 1839ರಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಧಾರವಾಡದ ಸುತ್ತಲಿನ ಸಸ್ತನಿಗಳ ಪಟ್ಟಿ ಪ್ರಕಟಿಸಿದರು. ಅದರಲ್ಲಿ ಇಲಿಗಳ ಕನ್ನಡ ಹೆಸರುಗಳೂ ಇವೆ, ವಡ್ಡರು ಕರೆಯುತ್ತಿದ್ದ ಹೆಸರುಗಳೂ ಇವೆ. ಇಲಿ ಹಿಡಿಯುವುದರಲ್ಲಿ ನಿಪುಣರಾದ ಇಂಥ ಜನರಿಲ್ಲದೆ ಯಾವ ಸಂಗ್ರಹವೂ ಆಗುತ್ತಿರಲಿಲ್ಲ. ಅವರ ಹೆಸರುಗಳು ಮಾತ್ರ ಚೀಟಿಯ ಮೇಲೆ ಬರಲಿಲ್ಲ. ಇದು ನನ್ನನ್ನು ಕಾಡುವ ಸಂಗತಿ. ಇಂದಿನ ಒಳ್ಳೆಯ ಸಂಶೋಧಕರು ಸ್ಥಳೀಯ ಸಹಾಯಕರ ಹೆಸರನ್ನೂ ದಾಖಲಿಸುತ್ತಾರೆ. ಎಲ್ಲರೂ ಹಾಗೆ ಮಾಡಬೇಕು.

ಸಂಜೆ ಹೊತ್ತು ಬೋನುಗಳನ್ನು ಸಾಲಾಗಿ ಇಡುತ್ತಾರೆ. ಈ ಸಾಲಿಗೆ ಟ್ರ್ಯಾಪ್‌ಲೈನ್ ಎಂಬ ಹೆಸರು. ಬೇಲಿಯ ಬುಡ, ಕಲ್ಲಿನ ಸಂದಿ, ಬಿದ್ದ ಮರದ ಪಕ್ಕ, ಹೀಗೆ ಇಲಿ ಓಡಾಡುವ ಜಾಗ ನೋಡಿ ಇಡಬೇಕು. ಒಳಗೆ ಸುಟ್ಟ ಕೊಬ್ಬರಿ ಚೂರು, ಒಣಮೀನು, ಕಡಲೆಬೀಜ. ಪ್ರತಿ ಬೋನಿನ ಜಾಗ ನೆನಪಿರಲು ಗುರುತು ಕಟ್ಟಬೇಕು. ಬೆಳಗಿನ ಜಾವ, ಬಿಸಿಲೇರುವ ಮೊದಲೇ ಹೋಗಿ ನೋಡಬೇಕು. ತಡವಾದರೆ ಇರುವೆ ಮುತ್ತುತ್ತದೆ. ಆಗ ಬಳಸುತ್ತಿದ್ದದ್ದು ಹೆಚ್ಚಾಗಿ ಬಡಿದು ಕೊಲ್ಲುವ ಸ್ಪ್ರಿಂಗ್ ಬೋನು. ಇಂದು ಶರ್ಮನ್ ಟ್ರ್ಯಾಪ್ ಎಂಬ ಅಲ್ಯೂಮಿನಿಯಂ ಡಬ್ಬಿ ಇದೆ. ಮಡಚಿ ಚೀಲದಲ್ಲಿ ಇಟ್ಟುಕೊಳ್ಳಬಹುದು. ಇಲಿ ಒಳಗೆ ಕಾಲಿಟ್ಟರೆ ಬಾಗಿಲು ಮುಚ್ಚುತ್ತದೆ, ಪ್ರಾಣಕ್ಕೆ ಅಪಾಯವಿಲ್ಲ. ಅಳತೆ ತೆಗೆದು ಬಿಟ್ಟುಬಿಡಬಹುದು. ಬಾವಲಿಗಳಿಗೆ ಈಗ ಮಿಸ್ಟ್ ನೆಟ್ ಕಟ್ಟುತ್ತಾರೆ. ಇದು ಕತ್ತಲಲ್ಲಿ ಕಾಣದಷ್ಟು ತೆಳು ನೂಲಿನ ಬಲೆ.

ಸಿಕ್ಕ ಪ್ರಾಣಿಯನ್ನು ಬೀಡಿಗೆ ತಂದ ಕೂಡಲೇ ಅಳತೆ. ತಲೆ ಮತ್ತು ಮೈ ಎಷ್ಟು, ಬಾಲ ಎಷ್ಟು, ಹಿಂಗಾಲಿನ ಪಾದ ಎಷ್ಟು, ಕಿವಿ ಎಷ್ಟು, ತೂಕ ಎಷ್ಟು. ಪಾದ ಅಳೆಯುವಾಗ ಉಗುರು ಸೇರಿಸಿಯೋ ಬಿಟ್ಟೋ ಎಂಬುದನ್ನೂ ಬರೆಯಬೇಕು. ಇಷ್ಟು ಸಣ್ಣ ವಿವರ ಯಾಕೆ ಎಂದು ನಿಮಗೆ ಅನ್ನಿಸಬಹುದು. ಇಲಿಯ ಪಾದದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸ ಎಂದರೆ ಬೇರೆ ಜಾತಿಯೇ ಇರಬಹುದು. ಒಣಗಿದ ಮೇಲೆ ತೊಗಲು ಕುಗ್ಗುತ್ತದೆ, ಕಿವಿ ಮುದುಡುತ್ತದೆ, ಕಣ್ಣು ಮತ್ತು ಮೂಗಿನ ಬಣ್ಣ ಹೋಗುತ್ತದೆ. ಆಮೇಲೆ ಯಾರು ಎಷ್ಟು ಬುದ್ಧಿವಂತರಾದರೂ ಆ ಅಳತೆಯನ್ನು ಮತ್ತೆ ಪಡೆಯಲಾರರು. ಹೆಣ್ಣಾದರೆ ಹೊಟ್ಟೆಯಲ್ಲಿ ಮರಿ ಎಷ್ಟಿವೆ ಎಂದು ಎಣಿಸುತ್ತಾರೆ. ಆ ಜಾತಿ ಯಾವ ತಿಂಗಳಲ್ಲಿ ಮರಿ ಹಾಕುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನು ಸುಲಿಯುವ ಕೆಲಸ. ಹೊಟ್ಟೆಯ ಮೇಲೆ ಸಣ್ಣ ಗೆರೆ ಕೊಯ್ದು, ಮಾಂಸವನ್ನು ಚರ್ಮದಿಂದ ಬಿಡಿಸಿ ತೆಗೆಯುತ್ತಾರೆ. ರಕ್ತ ಮತ್ತು ಜಿಡ್ಡು ಹೀರಲು ಮರದ ಹೊಟ್ಟು ಉದುರಿಸುತ್ತಾರೆ. ಚರ್ಮದ ಒಳಮೈಗೆ ಆರ್ಸೆನಿಕ್ ಸೋಪು ಸವರುತ್ತಿದ್ದರು. ಆರ್ಸೆನಿಕ್ ಎಂದರೆ ಪಾಷಾಣ. 18ನೇ ಶತಮಾನದ ಫ್ರಾನ್ಸಿನ ಬೆಕರ್ ಎಂಬ ಔಷಧ ವ್ಯಾಪಾರಿ ಇದನ್ನು ಕಂಡುಹಿಡಿದವರು. ಪಾಷಾಣ, ಸೋಪು, ಕರ್ಪೂರ, ಸುಣ್ಣ ಇತ್ಯಾದಿ ಬೆರೆಸಿದ ಮುದ್ದೆ ಅದು. ಅದು ಬರುವ ಮೊದಲು ತೊಗಲುಗಳು ಹುಳ ಹಿಡಿದು ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತಿದ್ದವು. ಈಗ ಪಾಷಾಣದ ಬದಲು ಬೋರಾಕ್ಸ್, ಅಂದರೆ ಬಿಳಿಗಾರ, ಬಳಸುತ್ತಾರೆ. ಹಳೆಯ ಮಾದರಿಗಳ ಮೇಲಿನ ವಿಷ ಮಾತ್ರ ನೂರು ವರ್ಷ ಕಳೆದರೂ ಹೋಗಿರುವುದಿಲ್ಲ. ಅವನ್ನು ಕೈಗವಸಿಲ್ಲದೆ ಮುಟ್ಟಬಾರದು.

ಸುಲಿದ ತೊಗಲಿಗೆ ಹತ್ತಿ ತುಂಬಿ, ಬಾಲಕ್ಕೆ ತಂತಿ ತೂರಿಸಿ, ಹೊಲಿದು, ಹಲಗೆಯ ಮೇಲೆ ಗುಂಡುಪಿನ್ನು ಚುಚ್ಚಿ ನೆರಳಿನಲ್ಲಿ ಒಣಗಿಸುತ್ತಾರೆ. ಒಣಗುವ ಮೇಜಿನ ಕಾಲುಗಳನ್ನು ನೀರು ತುಂಬಿದ ಡಬ್ಬಿಗಳಲ್ಲಿ ಇಡಬೇಕು, ಇಲ್ಲದಿದ್ದರೆ ಇರುವೆ ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಸುತ್ತದೆ. ತಲೆಬುರುಡೆಯನ್ನು ಬೇರೆ ತೆಗೆದು ಒಣಗಿಸಿ, ಅದಕ್ಕೂ ಅದೇ ಸಂಖ್ಯೆಯ ಚೀಟಿ ಕಟ್ಟುತ್ತಾರೆ. ಮ್ಯೂಸಿಯಂ ತಲುಪಿದ ಮೇಲೆ ಬುರುಡೆಯನ್ನು ಶುಚಿ ಮಾಡುವವರು ಮನುಷ್ಯರಲ್ಲ. ಡರ್ಮೆಸ್ಟಿಡ್ ಎಂಬ ಸಣ್ಣ ಜೀರುಂಡೆಯ ಮರಿಹುಳುಗಳು ಮಾಂಸವನ್ನೆಲ್ಲ ತಿಂದು, ಮೂಳೆಗೆ ಗೀರೂ ಬೀಳದ ಹಾಗೆ ಬಿಡುತ್ತವೆ. ಕಪಾಟಿಗೆ ನುಗ್ಗಿದರೆ ತೊಗಲನ್ನು ನಾಶ ಮಾಡುವ ಹುಳುವೂ ಇದೇ. ಆದ್ದರಿಂದ ಅದನ್ನು ಸಾಕುವ ಕೋಣೆ ಸಂಗ್ರಹದಿಂದ ದೂರವಿರುತ್ತದೆ.

ಕಪ್ಪೆ, ಹಾವು, ಮೀನಿಗೆ ತೊಗಲಿನ ವಿಧಾನ ಸರಿಹೋಗುವುದಿಲ್ಲ. ಅವನ್ನು ಮೊದಲು ಫಾರ್ಮಲಿನ್ ದ್ರಾವಣದಲ್ಲಿ ಗಟ್ಟಿಯಾಗಿಸಿ, ನಂತರ ಶೇ. 70ರ ಆಲ್ಕೊಹಾಲ್‌ನಲ್ಲಿ ಇಡುತ್ತಾರೆ. ಚಿಟ್ಟೆಗಳನ್ನು ತ್ರಿಕೋನದ ಕಾಗದದ ಮಡಿಕೆಯಲ್ಲಿ, ಗಿಡಗಳನ್ನು ವೃತ್ತಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ ತರುತ್ತಾರೆ. ಇಂದು ಯಾವ ಪ್ರಾಣಿಯಾದರೂ ಮೊದಲು ಒಂದು ಚೂರು ಅಂಗಾಂಶವನ್ನು ಗಾಢ ಆಲ್ಕೊಹಾಲ್‌ನಲ್ಲಿ ಹಾಕುತ್ತಾರೆ, ಡಿಎನ್‌ಎ ಪರೀಕ್ಷೆಗಾಗಿ.

ಎಲ್ಲಕ್ಕಿಂತ ಬೆಲೆಬಾಳುವುದು ಚೀಟಿ

ಜಮೀನಿಗೆ ಪಹಣಿ ಇದ್ದ ಹಾಗೆ ಮಾದರಿಗೆ ಚೀಟಿ. ಅದಿಲ್ಲದೆ ಕೈಯಲ್ಲಿರುವುದು ಯಾರದು, ಎಲ್ಲಿಯದು ಎಂದು ಹೇಳಲಾಗದು. ಚೀಟಿಯ ಮೇಲೆ ಸ್ಥಳ, ಸಮುದ್ರ ಮಟ್ಟದಿಂದ ಎತ್ತರ, ದಿನಾಂಕ, ಗಂಡೋ ಹೆಣ್ಣೋ, ಅಳತೆ, ಸಂಗ್ರಾಹಕನ ಹೆಸರು ಇರಬೇಕು. ಜೊತೆಗೆ ಫೀಲ್ಡ್ ನಂಬರ್, ಅಂದರೆ ಅವನ ದಿನಚರಿ ಪುಸ್ತಕದಲ್ಲಿರುವ ಕ್ರಮಸಂಖ್ಯೆ. ಅಳಿಯದ ಶಾಯಿಯಲ್ಲಿ ಬರೆದು ಮಾದರಿಯ ಕಾಲಿಗೇ ಗಟ್ಟಿಯಾಗಿ ಕಟ್ಟಬೇಕು. ಇಂದು ಜಿಪಿಎಸ್ ಕೊಡುವ ಅಕ್ಷಾಂಶ ರೇಖಾಂಶವೂ ಸೇರುತ್ತದೆ.

ಚೀಟಿ ಸುಳ್ಳಾದರೆ ಏನಾಗುತ್ತದೆ? ಇದಕ್ಕೆ ನಮ್ಮ ದೇಶದ್ದೇ ಕಥೆಯಿದೆ. ಫಾರೆಸ್ಟ್ ಔಲೆಟ್ ಎಂಬುದು ಮಧ್ಯಭಾರತದ ಸಣ್ಣ ಗೂಬೆ. 1873ರಲ್ಲಿ ಪಕ್ಷಿವಿಜ್ಞಾನಿ ಎ.ಒ. ಹ್ಯೂಮ್ ಅದಕ್ಕೆ ಹೆಸರಿಟ್ಟರು. ಜಗತ್ತಿನ ಮ್ಯೂಸಿಯಂಗಳಲ್ಲೆಲ್ಲ ಇದ್ದದ್ದು ಬೆರಳೆಣಿಕೆಯ ತೊಗಲುಗಳು. ಅವುಗಳಲ್ಲಿ ಒಂದನ್ನು ರಿಚರ್ಡ್ ಮೈನರ್ಟ್ಸ್‌ಹೇಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಹಿಡಿದೆ ಎಂದು ಚೀಟಿ ಬರೆದಿದ್ದರು. ಅಮೆರಿಕದ ಪಕ್ಷಿವಿಜ್ಞಾನಿ ಪಮೇಲಾ ರಾಸ್‌ಮುಸ್ಸೆನ್ ಆ ತೊಗಲನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಒಳಗಿನ ಹತ್ತಿ, ಹೊಲಿಗೆಯ ರೀತಿ ಎಲ್ಲ ನೋಡಿದಾಗ ನಿಜ ಹೊರಬಿತ್ತು. ಅದು ಜೇಮ್ಸ್ ಡೇವಿಡ್‌ಸನ್ ಎಂಬುವರು 1880ರ ದಶಕದಲ್ಲಿ ಖಾನ್‌ದೇಶದಲ್ಲಿ ಸಂಗ್ರಹಿಸಿದ ಮಾದರಿ. ಮೈನರ್ಟ್ಸ್‌ಹೇಗನ್ ಅದನ್ನು ಮ್ಯೂಸಿಯಂನಿಂದ ಕದ್ದು, ಮತ್ತೆ ಹೊಲಿದು, ಹೊಸ ಚೀಟಿ ಕಟ್ಟಿದ್ದರು. 1914ರ ದಾಖಲೆಯನ್ನು ತೆಗೆದುಹಾಕಿದ ಮೇಲೆ ಉಳಿದದ್ದು ನಂಬಬಹುದಾದ ಹಳೆಯ ಚೀಟಿಗಳು ಮಾತ್ರ. ಅವು ತೋರಿಸಿದ ಕಡೆ ಹುಡುಕಿದ ರಾಸ್‌ಮುಸ್ಸೆನ್ ತಂಡಕ್ಕೆ 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಆ ಗೂಬೆ ಜೀವಂತವಾಗಿ ಸಿಕ್ಕಿತು. ನೂರಕ್ಕೂ ಹೆಚ್ಚು ವರ್ಷ ಯಾರೂ ಕಂಡಿರದ ಹಕ್ಕಿ. ಸುಳ್ಳು ಚೀಟಿ ದಿಕ್ಕು ತಪ್ಪಿಸಿತ್ತು, ಸತ್ಯದ ಚೀಟಿ ದಾರಿ ತೋರಿಸಿತು.

ಮುಂಬೈಯಿಂದ ಲಂಡನ್, ಲಂಡನ್‌ನಿಂದ ಮುಂಬೈ

ಒಣಗಿದ ತೊಗಲುಗಳು ಪೆಟ್ಟಿಗೆ ಸೇರಿ ಮುಂಬೈಗೆ ಹೋಗುತ್ತಿದ್ದವು. ಅಲ್ಲಿಂದ ಹಡಗಿನಲ್ಲಿ ಲಂಡನ್‌ಗೆ. ಹೋಲಿಸಿ ನೋಡಲು ಬೇಕಾದ ಹಳೆಯ ಮಾದರಿಗಳು ಆಗ ಅಲ್ಲಿಯೇ ಇದ್ದವು. ಓಲ್ಡ್‌ಫೀಲ್ಡ್ ಥಾಮಸ್, ರಾಟನ್, ಹಿಂಟನ್, ಕ್ಯಾಥ್ಲೀನ್ ರೈಲಿ ಮುಂತಾದವರು ಪ್ರತಿಯೊಂದನ್ನೂ ನೋಡಿ ವರದಿ ಬರೆದರು. ಥಾಮಸ್ ತಮ್ಮ ಜೀವಮಾನದಲ್ಲಿ ಸುಮಾರು ಎರಡು ಸಾವಿರ ಜಾತಿ, ಉಪಜಾತಿಗಳಿಗೆ ಹೆಸರಿಟ್ಟವರು. ಹೊಸ ಜಾತಿ ಎಂದು ಖಚಿತವಾದರೆ ಒಂದು ಮಾದರಿಯನ್ನು ಟೈಪ್, ಅಂದರೆ ಮೂಲಮಾದರಿ, ಎಂದು ಘೋಷಿಸುತ್ತಾರೆ. ಮುಂದೆ ಆ ಹೆಸರಿನ ಬಗ್ಗೆ ಎಂದಾದರೂ ತಕರಾರು ಬಂದರೆ ತೀರ್ಮಾನ ಹೇಳುವುದು ಆ ಒಂದೇ ಮಾದರಿ. ಬ್ರಿಟಿಷ್ ಮ್ಯೂಸಿಯಂ ತನ್ನ ಪಾಲು ಇಟ್ಟುಕೊಂಡಿತು. ಉಳಿದವು ಮುಂಬೈ, ಕೋಲ್ಕತ್ತ ಮತ್ತಿತರ ಮ್ಯೂಸಿಯಂಗಳಿಗೆ ಬಂದವು. ಮೂಲಮಾದರಿಗಳು ಹೊರದೇಶದಲ್ಲಿ ಉಳಿದದ್ದರಿಂದ ನಮ್ಮ ಸಂಶೋಧಕರು ದಶಕಗಟ್ಟಲೆ ತೊಂದರೆಪಟ್ಟಿದ್ದಾರೆ. ವಸಾಹತು ಆಡಳಿತದ ಈ ಅನ್ಯಾಯವನ್ನು ಮುಚ್ಚಿಡಬೇಕಾಗಿಲ್ಲ.

ಇದರಿಂದ ಯಾರಿಗೇನು ಉಪಯೋಗ?

ನ್ಯಾಯವಾದ ಪ್ರಶ್ನೆ. ಉತ್ತರ ಶಿವಮೊಗ್ಗದ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿಗೆ ಬಂದು ಉಣ್ಣೆಹುಳು, ಇಲಿ, ಮೂಗಿಲಿ, ಹಕ್ಕಿ ಎಲ್ಲವನ್ನೂ ಸಂಗ್ರಹಿಸಿದರು. ವೈರಸ್ ಯಾವ ಪ್ರಾಣಿಯಲ್ಲಿ ಇದೆ ಎಂದು ಹೇಳಬೇಕಾದರೆ ಮೊದಲು ಅದು ಯಾವ ಪ್ರಾಣಿ ಎಂದು ತಿಳಿಯಬೇಕಲ್ಲ? ಅವರ ಪ್ರಬಂಧಗಳಲ್ಲಿ ಪದೇ ಪದೇ ಬರುವ ಒಂದು ಕಾಡಿಲಿಯ ಹೆಸರಿನಲ್ಲಿ ರಾಟನ್ ಅವರ ಹೆಸರು ಸೇರಿದೆ. ಆ ಹೆಸರನ್ನು 1919ರಲ್ಲಿ ಇಟ್ಟವರು ಹಿಂಟನ್, ಮ್ಯಾಮಲ್ ಸರ್ವೇಯ ಇಲಿಗಳನ್ನು ಪರಿಶೀಲಿಸುತ್ತಾ. ನಲವತ್ತು ವರ್ಷ ಮೊದಲು ಯಾರೋ ಇಲಿ ಹಿಡಿದು ಅಳತೆ ಬರೆದಿಟ್ಟದ್ದು ಸೊರಬದ ರೋಗದ ತನಿಖೆಗೆ ನೆರವಾಯಿತು. ವಲಸೆ ಹಕ್ಕಿಗಳು ರೋಗ ಹರಡುವ ಉಣ್ಣೆಹುಳುಗಳನ್ನು ಹೊತ್ತು ತರುತ್ತವೆಯೇ ಎಂಬ ಅನುಮಾನವೂ ಆಗ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಿಎನ್‌ಎಚ್‌ಎಸ್ 1959ರಲ್ಲಿ ಶುರು ಮಾಡಿದ ಹಕ್ಕಿಗಳಿಗೆ ಉಂಗುರ ತೊಡಿಸುವ ಯೋಜನೆಯ ಹಿಂದೆ ಈ ಕಾರಣವೂ ಇತ್ತು.

ಇನ್ನೊಂದು ಉದಾಹರಣೆ ಬ್ರಿಟನ್ನಿನದು. 1967ರಲ್ಲಿ ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಹಳೆಯ ಸಂಗ್ರಹಗಳಲ್ಲಿದ್ದ ಹಿಂಸ್ರ ಹಕ್ಕಿಗಳ ಮೊಟ್ಟೆಗಳನ್ನು ಹೊಸ ಮೊಟ್ಟೆಗಳೊಂದಿಗೆ ಹೋಲಿಸಿದರು. ಡಿಡಿಟಿ ಎಂಬ ಕೀಟನಾಶಕದ ಬಳಕೆ ಆರಂಭವಾದ ಮೇಲೆ ಮೊಟ್ಟೆಯ ಚಿಪ್ಪು ತೆಳುವಾಗಿತ್ತು. ಆ ಹಳೆಯ ಮೊಟ್ಟೆ ಕೂಡಿಹಾಕಿದವರು ಡಿಡಿಟಿಯ ಹೆಸರು ಕೇಳಿರಲಿಲ್ಲ. ಮಾದರಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದು ಅದನ್ನು ಸಂಗ್ರಹಿಸುವ ದಿನ ಗೊತ್ತಿರುವುದಿಲ್ಲ.

ಹಾಗಾದರೆ ಕೊಲ್ಲುವುದು ಸರಿಯೇ? ಸಂಗ್ರಹದ ಹುಚ್ಚು ಕೇಡು ಮಾಡಿದ್ದೂ ಇದೆ. ಗ್ರೇಟ್ ಆಕ್ ಎಂಬ ಹಾರಲಾರದ ಕಡಲಹಕ್ಕಿಯ ಕೊನೆಯ ಜೋಡಿಯನ್ನು 1844ರಲ್ಲಿ ಐಸ್‌ಲ್ಯಾಂಡಿನ ಬಳಿಯ ಎಲ್ಡೇ ದ್ವೀಪದಲ್ಲಿ ಕೊಂದದ್ದು ಸಂಗ್ರಹಕ್ಕೆ ಮಾರಲೆಂದೇ. ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ: ಫೋಟೊ, ಧ್ವನಿಮುದ್ರಣ, ಒಂದು ಹನಿ ರಕ್ತ ಅಥವಾ ಗರಿ ಸಾಕಾಗುವ ಕಡೆ ಪ್ರಾಣ ತೆಗೆಯಬಾರದು. ಫೋಟೊ ನೋಡಿ ಗುರುತಿಸಲಾಗದ ಸಣ್ಣ ಇಲಿ, ಕಪ್ಪೆ, ಕೀಟಗಳಲ್ಲಿ ಮಾತ್ರ, ಅದೂ ಅನುಮತಿ ಪಡೆದು, ಬೇಕಾದಷ್ಟೇ ಸಂಗ್ರಹಿಸಬೇಕು. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿಗಳೂ ಅಧಿಕೃತ ಸಂಶೋಧಕರಿಗೆ ಒಳ್ಳೆಯ ಮಾದರಿಗಳೇ.

ಖರ್ಚು ಮತ್ತು ಕಾನೂನು

ಮ್ಯಾಮಲ್ ಸರ್ವೇಗೆ ಹಣ ಬಂದದ್ದು ಸರ್ಕಾರದ ಅನುದಾನ, ದೇಶೀ ಸಂಸ್ಥಾನಗಳ ಕೊಡುಗೆ ಮತ್ತು ಸದಸ್ಯರ ಚಂದಾದಿಂದ. 1939–40ರಲ್ಲಿ ಪಕ್ಷಿವಿಜ್ಞಾನಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗಲೂ ಸಂಸ್ಥಾನ ಬೆಂಬಲ ನೀಡಿತು. 

ಸಂಗ್ರಹದಲ್ಲಿ ದುಬಾರಿ ಭಾಗ ಹಿಡಿಯುವುದಲ್ಲ, ಕಾಪಾಡುವುದು. ಬೋನು, ಬಲೆ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತವೆ. ಹುಳ ಬಾರದ ಕಪಾಟು, ತೇವ ಹತ್ತದ ಕೋಣೆ, ಆರುತ್ತಾ ಹೋಗುವ ಆಲ್ಕೊಹಾಲನ್ನು ಮತ್ತೆ ಮತ್ತೆ ತುಂಬುವುದು, ಬೆಂಕಿಯ ರಕ್ಷಣೆ, ತರಬೇತಾದ ಪಾಲಕರ ಸಂಬಳ ಇವೆಲ್ಲ ಎಂದೂ ಮುಗಿಯದ ಖರ್ಚು. 2016ರ ಏಪ್ರಿಲ್‌ನಲ್ಲಿ ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ಮ್ಯೂಸಿಯಂ ಬೆಂಕಿಗೆ ಆಹುತಿಯಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ಮ್ಯೂಸಿಯಂ ಸುಟ್ಟುಹೋಯಿತು. ಹೋದ ಮಾದರಿಗೆ ವಿಮೆಯ ಹಣ ಪರಿಹಾರವಲ್ಲ.

ನಾನೂ ಸಂಗ್ರಹಿಸಬಹುದೇ ಎಂದು ಕೇಳಿದರೆ, ಸುಮ್ಮನೆ ಹೊರಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಶಿಕ್ಷಣ, ವೈಜ್ಞಾನಿಕ ಸಂಶೋಧನೆ ಮತ್ತು ಮ್ಯೂಸಿಯಂ ಸಂಗ್ರಹಕ್ಕೆ ಅನುಮತಿ ನೀಡಲು ಅವಕಾಶ ಕೊಡುತ್ತದೆ. ಅನುಮತಿ ನೀಡುವವರು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು. ಮೊದಲ ಅನುಸೂಚಿಯ ಪ್ರಾಣಿಗಳಾದರೆ ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕು. ರಾಟನ್ ಬಾವಲಿ ಆ ಅನುಸೂಚಿಯಲ್ಲೇ ಇದೆ, ಅದರ ಗುಹೆ 2011ರಲ್ಲಿ ಘೋಷಣೆಯಾದ ಭೀಮಗಡ ಅಭಯಾರಣ್ಯದ ಒಳಗಿದೆ. 2002ರ ಜೀವವೈವಿಧ್ಯ ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ವಿದೇಶಿಯರಿಗೆ ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಕಡ್ಡಾಯ. ಹೊಸ ಜಾತಿ ಕಂಡುಹಿಡಿದವರು ಅದರ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಭಾರತದ ಸಂಗ್ರಹಾಲಯದಲ್ಲಿ ಇಡಲೇಬೇಕು. ಹಳೆಯ ಅನ್ಯಾಯ ಮತ್ತೆ ನಡೆಯದಂತೆ ತಡೆಯುವ ಒಳ್ಳೆಯ ನಿಯಮ ಇದು.

ಎಲ್ಲಿ ನೋಡಬಹುದು?

ಮಕ್ಕಳನ್ನು ಕರೆದುಕೊಂಡು ಹೋಗಲು ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿರುವ ಪ್ರಾದೇಶಿಕ ನಿಸರ್ಗ ಇತಿಹಾಸ ಮ್ಯೂಸಿಯಂ ಇದೆ. ಅದು 1995ರಲ್ಲಿ ತೆರೆಯಿತು. ಅಧ್ಯಯನದ ಸಂಗ್ರಹ ನೋಡಬೇಕೆನ್ನುವ ವಿದ್ಯಾರ್ಥಿಗಳು ಮುಂಬೈಯ ಹಾರ್ನ್‌ಬಿಲ್ ಹೌಸ್‌ನಲ್ಲಿರುವ ಬಿಎನ್‌ಎಚ್‌ಎಸ್‌ಗೆ, ಅಥವಾ ಕೋಲ್ಕತ್ತದಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಪ್ರಾಣಿ ಸರ್ವೇಕ್ಷಣ ಇಲಾಖೆಗೆ ಮುಂಚೆ ಪತ್ರ ಬರೆದು ಅನುಮತಿ ಪಡೆಯಬೇಕು. ಕೀಟಗಳಲ್ಲಿ ಆಸಕ್ತಿಯಿದ್ದರೆ ಬೆಂಗಳೂರಿನ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯದಲ್ಲಿ ದೊಡ್ಡ ಸಂಗ್ರಹವಿದೆ.

ಮನೆಯಲ್ಲೇ ಕೂತು ನೋಡುವುದಾದರೆ ಖರ್ಚಿಲ್ಲ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಬಿಎನ್‌ಎಚ್‌ಎಸ್ ನಿಯತಕಾಲಿಕದ ಹಳೆಯ ಸಂಪುಟಗಳಿವೆ. ಸರ್ವೇಯ ವರದಿಗಳನ್ನು ಅಲ್ಲೇ ಓದಬಹುದು. ಜಿಬಿಐಎಫ್ ಎಂಬ ಜಾಗತಿಕ ಮಾಹಿತಿ ಕೋಶದಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಹಾಕಿ ಹುಡುಕಿ. ನೂರು ವರ್ಷದ ಹಿಂದೆ ಅಲ್ಲಿಂದ ಹೋದ ಒಂದು ಅಳಿಲಿನ ದಾಖಲೆ ಸಿಕ್ಕಬಹುದು.

ಕೊನೆಗೆ ಒಂದು ವಿನಂತಿ. ಕರ್ನಾಟಕದ ಹಳೆಯ ಕಾಲೇಜುಗಳ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ವಿಭಾಗಗಳಲ್ಲಿ ಧೂಳು ಹಿಡಿದ ಸೀಸೆಗಳು, ತೊಗಲುಗಳು, ಒಣಗಿದ ಗಿಡದ ಹಾಳೆಗಳು ಇನ್ನೂ ಇವೆ. ಕಟ್ಟಡ ರಿಪೇರಿಯ ಹೆಸರಿನಲ್ಲಿ ಅವು ಕಸದ ಗಾಡಿ ಸೇರುತ್ತವೆ. ನೀವು ಅಧ್ಯಾಪಕರಾಗಿದ್ದರೆ ದಯವಿಟ್ಟು ಅವನ್ನು ಎಸೆಯಬೇಡಿ. ಕೈಗವಸು ಹಾಕಿಕೊಂಡು ಪ್ರತಿಯೊಂದರ ಚೀಟಿಯ ಫೋಟೊ ತೆಗೆಯಿರಿ, ಪಟ್ಟಿ ಮಾಡಿ, ಹತ್ತಿರದ ವಿಶ್ವವಿದ್ಯಾಲಯಕ್ಕೋ ಪ್ರಾಣಿ ಸರ್ವೇಕ್ಷಣ ಇಲಾಖೆಗೋ ತಿಳಿಸಿ. ಸೀಸೆ ಒಡೆದಿದ್ದರೆ ಬೇರೆ ಸೀಸೆ ಸಿಗುತ್ತದೆ. ಚೀಟಿಯನ್ನು ಮಾತ್ರ ಕಳೆಯಬೇಡಿ.